ರೋಮ್‌ನಿಂದ ಒಂದು ದಿನಕ್ಕೆ ಗುಡ್ಡದ ಊರು: ಮಂಡಿ ನೋವಿರುವ ಅಮ್ಮನನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ?

ಕೊಪ್ಪದ ಹುಡುಗಿ

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಎರಡನೇ ವಾರ ನಾನು, ಅಮ್ಮ ಇಬ್ಬರೇ ರೋಮ್‌ನಲ್ಲಿ ಇರುತ್ತೇವೆ. ಮೂರು ದಿನ ನನ್ನ ಆಫೀಸಿನ ಕೆಲಸ, ಎರಡು ದಿನ ಊರು ಸುತ್ತುವುದು. ಅದಾದ ಮೇಲೆ ಕೈಯಲ್ಲಿ ಉಳಿಯುವುದು ಒಂದು ಗುರುವಾರ ಮಾತ್ರ. ಅವತ್ತು ಬೆಳಿಗ್ಗೆ ಹೊರಟು ಕತ್ತಲಾಗುವುದರೊಳಗೆ ವಾಪಸ್ ಬರುವ ಹಾಗೆ ಯಾವುದಾದರೂ ಗುಡ್ಡದ ಊರಿಗೆ ಹೋಗಬೇಕು ಅಂತಿದ್ದೇನೆ.

ಯಾಕೆ ಗುಡ್ಡವೇ ಬೇಕು ಅಂದರೆ, ಅಮ್ಮ ಹುಟ್ಟಿ ಬೆಳೆದದ್ದು, ಮದುವೆಯಾಗಿ ಹೋದದ್ದು, ನಮ್ಮನ್ನೆಲ್ಲ ಸಾಕಿದ್ದು ಎಲ್ಲ ಗುಡ್ಡದ ಮೇಲೆಯೇ. ಅಪ್ಪ ಹೋದ ಮೇಲೆ ಏಳು ವರ್ಷದಿಂದ ನನ್ನ ಜೊತೆ ಬೆಂಗಳೂರಿನಲ್ಲಿದ್ದಾರೆ. ಬಾಲ್ಕನಿಯಲ್ಲಿ ನಿಂತರೆ ಕಾಣುವುದು ಎದುರು ಮನೆಯ ನೀರಿನ ಟ್ಯಾಂಕು. ಈ ಪ್ರಯಾಣಕ್ಕೆ ಇಂಥದ್ದು ಬೇಕು ಅಂತ ಅವರು ಬಾಯಿಬಿಟ್ಟು ಕೇಳಿದ್ದು ಒಂದೇ ಮಾತು: "ಅಲ್ಲಿ ಗುಡ್ಡ ಇದ್ರೆ ಒಂದ್ಸಲ ತೋರ್ಸು ಮಾರಾಯ್ತಿ."

ಅಮ್ಮನಿಗೆ 64. ಎರಡೂ ಮಂಡಿ ಸವೆದಿವೆ, ಆಪರೇಷನ್ ಆಗಿಲ್ಲ. ಹತ್ತುವುದು ಪರವಾಗಿಲ್ಲ, ಇಳಿಯುವಾಗ ನೋವು ಜಾಸ್ತಿ. ಸಮತಟ್ಟಾದ ಜಾಗದಲ್ಲಿ ಅರ್ಧ ಗಂಟೆ ಆರಾಮಾಗಿ ನಡೆಯುತ್ತಾರೆ. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ.

ನನ್ನ ಪಟ್ಟಿಯಲ್ಲಿ ತಿವೋಲಿ, ಅಸ್ಸೀಸಿ, ಒರ್ವಿಯೇತೊ ಇವೆ. ಒರ್ವಿಯೇತೊ ಜೊತೆ ಚೀವಿತಾ ದಿ ಬಾನ್ಯೊರೇಜೊ ಅನ್ನುವ ಊರನ್ನೂ ಅದೇ ದಿನ ಮುಗಿಸಬಹುದು ಅಂತ ಓದಿದೆ. ಆಗುತ್ತಾ? ಅಮ್ಮನಂಥವರನ್ನು ಕರೆದುಕೊಂಡು ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಕುಕ್ಕರಹಳ್ಳಿ ದಂಡೆ

ಎರಡು ವರ್ಷ ರೋಮ್‌ನಲ್ಲಿ ಓದಿಕೊಂಡಿದ್ದೆ, ಅಲ್ಲಿಗೆ ಬಂದ ನೆಂಟರನ್ನೆಲ್ಲ ಸುತ್ತಿಸಿದ್ದೇನೆ. ನಿಮ್ಮ ಪಟ್ಟಿಯಲ್ಲಿ ಇಲ್ಲದ ಊರು ಹೇಳ್ತೀನಿ ಮೇಡಂ: ಕಾಸ್ತೆಲ್ ಗಾಂದೋಲ್ಫೊ. ತೆರ್ಮಿನಿ ಸ್ಟೇಷನ್ನಿಂದ ಮುಕ್ಕಾಲು ಗಂಟೆ ರೈಲು. ಜ್ವಾಲಾಮುಖಿಯ ಬಾಯಲ್ಲಿ ನೀರು ತುಂಬಿ ಆದ ಅಲ್ಬಾನೊ ಸರೋವರ, ಅದರ ಅಂಚಿನ ಮೇಲೆ ಪುಟ್ಟ ಊರು. ಪೋಪ್‌ಗಳ ಬೇಸಿಗೆ ಅರಮನೆ ಅಲ್ಲಿದೆ, 2016ರಿಂದ ಜನರೂ ಒಳಗೆ ಹೋಗಿ ನೋಡಬಹುದು. ದಿನವಿಡೀ ಓಡಾಟ ಬೇಡ ಅಂದರೆ ಇದೇ ಒಳ್ಳೆಯದು.

ತಿವೋಲಿ ಹತ್ತಿರ ನಿಜ. ಆದರೆ ಅಲ್ಲಿನ ವಿಲ್ಲಾ ದೆಸ್ತೆ ಅನ್ನುವ ಅರಮನೆ ತೋಟದ ಕಾರಂಜಿಗಳೆಲ್ಲ ಇಳಿಜಾರಿನಲ್ಲಿ ಕೆಳಕೆಳಗೆ ಇವೆ. ಇಳಿಯುವುದೇ ಕಷ್ಟ ಅನ್ನುವವರಿಗೆ ಅದು ಬೇಡ.

ಬೀದರ ಬಾವಿ

ತಂಗಿ, ಒರ್ವಿಯೇತೊಕ್ಕ ಹೋಗ್ರಿ. ಅದೊಂದೇ ಊರಿಗೆ ಹೋಗ್ರಿ. ನಾನು, ನಮ್ಮನಿಯವ್ರು 2019ರ ಏಪ್ರಿಲ್‌ದಾಗ ಹೋಗಿದ್ವಿ. ಅವ್ರಿಗೂ ಮೊಣಕಾಲು ನೋವದ, ಅದಕ್ಕ ಹೇಳಲಿಕ್ಕೆ ಧೈರ್ಯ ಮಾಡ್ಲಿಕತ್ತೀನಿ.

ಮೊದ್ಲು ದಾರಿ ಹೇಳ್ತೀನಿ. ರೋಮ್ ತೆರ್ಮಿನಿಯಿಂದ ಫ್ಲಾರೆನ್ಸ್ ಕಡಿ ಹೋಗೋ ಪ್ಯಾಸೆಂಜರ್ ಗಾಡಿ, ಅವರು ರೆಜೊನಾಲೆ ಅಂತಾರ. ಸವಾ ತಾಸಿನಿಂದ ದೀಡ್ ತಾಸು. ಟಿಕೆಟ್ ಹತ್ತು ಯೂರೋ ಆಸುಪಾಸು, ಅವತ್ತೇ ತಗೊಂಡ್ರೂ ರೇಟು ಅಷ್ಟೇ. ಕಾಗದದ ಟಿಕೆಟ್ ತಗೊಂಡ್ರ ಹತ್ತೋಕಿಂತ ಮೊದ್ಲು ಪ್ಲಾಟ್‌ಫಾರಂ ಹತ್ರ ಇರೋ ಸಣ್ಣ ಮಷೀನ್‌ದಾಗ ತೂರಿಸಿ ಮುದ್ರಿ ಹಾಕಿಸಬೇಕು, ಇಲ್ಲಾಂದ್ರ ದಂಡ. ನಮ್ಮ ಗಾಡಿ ಬಿಟ್ಟದ್ದು '2 ಎಸ್ಟ್' ಅನ್ನೋ ಪ್ಲಾಟ್‌ಫಾರಂದಿಂದ. ಅದು 2ನೇ ನಂಬರ್ ಅಲ್ಲ, ಬ್ಯಾರೆ ಜಾಗ, ಸ್ಟೇಷನ್ ಒಳಗೇ ಹತ್ತು ಮಿನಿಟು ನಡೀಬೇಕು. ಬೋರ್ಡಿನ ಮ್ಯಾಲ 'ಎಸ್ಟ್' ಅಂತ ಕಂಡ್ರ ಅವ್ವಾರನ್ನ ಕರ್ಕೊಂಡು ಮೊದ್ಲೇ ಹೊರಡ್ರಿ. ನಮ್ಮನಿಯವ್ರು ಅವತ್ತಿನ ದಿನದ ಕಾಲಿನ ಶಕ್ತಿ ಎಲ್ಲಾ ಅಲ್ಲೇ ಓಡಿ ಖರ್ಚು ಮಾಡಿದ್ರು.

ಒರ್ವಿಯೇತೊ ಸ್ಟೇಷನ್ ಕೆಳಗದ, ಊರು ದೊಡ್ಡ ಬಂಡಿಗಲ್ಲಿನ ಮ್ಯಾಲ. ಸ್ಟೇಷನ್ ಎದುರಿಗೇ ಹಗ್ಗದ ರೈಲು, ಫ್ಯುನಿಕ್ಯುಲರ್. ಎರಡ್ಮೂರು ಮಿನಿಟಿನಾಗ 150 ಮೀಟರಿಗೂ ಮಿಕ್ಕಿ ಏರ್ತದ. ಇದು 1888ರಾಗ ಶುರು ಆದಾಗ ಕರೆಂಟ್ ಇರಲಿಲ್ಲ, ನೀರಿನ ಭಾರದ ಮ್ಯಾಲ ನಡೀತಿತ್ತು: ಮ್ಯಾಲಿನ ಡಬ್ಬಿಗಿ ನೀರು ತುಂಬಿದ್ರ ಅದು ಭಾರ ಆಗಿ ಇಳೀತದ, ಇಳಿಯೋವಾಗ ಕೆಳಗಿನ ಡಬ್ಬಿ ಎಳ್ಕೊಂಡು ಏರಸ್ತದ. ನಡುವ ಬಂದ್ ಆಗಿತ್ತು, 1990ರಾಗ ಕರೆಂಟ್ ಹಾಕಿ ಮತ್ತ ಚಾಲು ಮಾಡಿದ್ರು. ಮ್ಯಾಲಿಂದ ಚರ್ಚ್ ತನಕ ಸಣ್ಣ ಬಸ್ ಅದ, ಅದೇ ಟಿಕೆಟ್ ನಡೀತದ. ಅಂದ್ರ ಸ್ಟೇಷನ್ನಿಂದ ದೊಡ್ಡ ಚರ್ಚಿನ ಬಾಗಿಲ ತನಕ ಅವ್ವಾರು ಒಂದು ಏರು ಹತ್ತೋದು ಬ್ಯಾಡ. ಈ ಅನುಕೂಲ ಅಸ್ಸೀಸಿಗಿ ಇಲ್ಲ, ಅದು ಒಂದ್ ಕಡಿಗೆ ಎರಡು ತಾಸಿಗೂ ಮಿಕ್ಕಿ ದಾರಿ.

ಈಗ ನಾ ಯಾಕ ಇಷ್ಟು ಒತ್ತಿ ಹೇಳ್ಲಿಕತ್ತೀನಿ ಅಂದ್ರ, ನಾ ಬೀದರದವ. ಮೂವತ್ತೊಂದು ವರ್ಷ ನೌಕರಿ ಮಾಡಿದ್ದೆಲ್ಲಾ ನೀರಿನ ಕೆಲಸ: ಬಾವಿ, ಬೋರು, ಕೆರಿ. ನಮ್ಮ ಬೀದರ ಕೋಟಿ ನಿಂತದ್ದು ಜಂಬಿಟ್ಟಿಗಿ ಕಲ್ಲಿನ ಹಾಸಿನ ಮ್ಯಾಲ. ಮಳಿನೀರು ಆ ತೂತಿನ ಕಲ್ಲಿನಾಗ ಸೀದಾ ಇಳೀತದ. ಕೆಳಗ ಕರಿಕಲ್ಲು ತಾಗಿದ ಕೂಡ್ಲೆ ಮುಂದ ಹೋಗ್ಲಿಕ್ಕೆ ದಾರಿ ಇಲ್ಲ, ಅಡ್ಡ ಹರೀತದ. ಆ ಅಡ್ಡ ಹರಿಯೋ ನೀರು ಹಿಡೀಲಿಕ್ಕಂತ 15ನೇ ಶತಮಾನದಾಗ ಬಹಮನಿಯವ್ರು ನೌಬಾದದಾಗ ಸುರಂಗ ಬಾವಿ ತೋಡಿಸಿದ್ರು. ಒರ್ವಿಯೇತೊದಾಗ ಜಂಬಿಟ್ಟಿಗಿ ಬದ್ಲಿ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲು, ತೂಫೊ ಅಂತಾರ. ಕರಿಕಲ್ಲಿನ ಬದ್ಲಿ ಜೇಡಿಮಣ್ಣು. ನೀರು ಆ ಎರಡರ ಸಂದಿನಾಗ ನಿಲ್ತದ. ಇದನ್ನ ಅಲ್ಲಿ ಹೋದ ಮ್ಯಾಲ ತಿಳ್ಕೊಂಡೆ ತಂಗಿ. ಅಷ್ಟು ದೂರ ವಿಮಾನ ಹತ್ತಿ ಹೋಗಿ ನಮ್ಮೂರಿನ ನೆಲಾನೇ ನೋಡಿದಂಗಾತು. ಅಲ್ಲಿಯ ದೊಡ್ಡ ಬಾವಿ ಬಾಯಿ ಹತ್ರ ನಿಂತು ಕಣ್ಣಾಗ ನೀರು ಬಂತು.

ಆ ಬಾವಿ ಕಥಿ ಹಿಂಗದ. 1527ರಾಗ ಚಕ್ರವರ್ತಿ ಐದನೇ ಚಾರ್ಲ್ಸ್‌ನ ದಂಡು ರೋಮ್ ಸೂರಿ ಮಾಡಿದಾಗ ಪೋಪ್ ಏಳನೇ ಕ್ಲೆಮೆಂಟ್ ತಪ್ಪಿಸ್ಕೊಂಡು ಬಂದದ್ದು ಈ ಬಂಡಿ ಮ್ಯಾಲಕ್ಕ. ಸುತ್ತ ಕಡಿದಿಟ್ಟಂಥ ಗ್ವಾಡಿ, ವೈರಿ ಹತ್ಲಿಕ್ಕೆ ಆಗಂಗಿಲ್ಲ. ಆದ್ರ ಸುತ್ತುಗಟ್ಟಿ ಕೂತ್ರ ಕುಡಿಲಿಕ್ಕೆ ನೀರು ಎಲ್ಲಿಂದ ತರೋದು? ಅದಕ್ಕ ಆಂತೋನಿಯೊ ದ ಸಾಂಗಾಲ್ಲೊ ಅನ್ನೋ ಶಿಲ್ಪಿಗಿ ಬಾವಿ ತೋಡ್ಸು ಅಂದ. ಮುಗಿಯೋದ್ರಾಗ 1537 ಆತು, ತೋಡ್ಸು ಅಂದ ಪೋಪ್ ಅದರ ನೀರು ನೋಡ್ಲಿಲ್ಲ, 1534ರಾಗೇ ಹೋಗಿದ್ದ. 13 ಮೀಟರ್ ಅಗಲ, 50 ಮೀಟರಿಗೂ ಮಿಕ್ಕಿ ಆಳ. ಸುತ್ತ ಒಂದಲ್ಲ, ಎರಡು ಸುರುಳಿ ಮೆಟ್ಟಿಲು, ಒಂದರೊಳಗೊಂದು ಹೆಣಕೊಂಡಾವ, ಒಂದೊಂದಕ್ಕ 248 ಮೆಟ್ಟಿಲು. ಕತ್ತಿ ಖಾಲಿ ಕೊಡ ಹೊತ್ತು ಒಂದರಾಗ ಇಳೀಬೇಕು, ತಳದಾಗ ಸೇತುವಿ ದಾಟಿ ತುಂಬಿದ ಕೊಡ ಹೊತ್ತು ಇನ್ನೊಂದರಾಗ ಏರಬೇಕು. ಇಳಿಯೋ ಕತ್ತಿಗಿ ಏರೋ ಕತ್ತಿ ಎದುರಾಗಂಗೇ ಇಲ್ಲ. ಮೆಟ್ಟಿಲು ಅಗಲ, ಎತ್ತರ ಕಮ್ಮಿ, ಪ್ರಾಣಿಗಳಿಗಂತ ಮಾಡಿದ್ದು. ಬಾಗಿಲ ಮ್ಯಾಲ ಲ್ಯಾಟಿನ್‌ದಾಗ ಬರದಾರ, ಅದರ ಅರ್ಥ: ಕಾಪಾಡ್ಕೋಳಿಕ್ಕೆ ಬೇಕಾದ್ದನ್ನ ನಿಸರ್ಗ ಕೊಡ್ಲಿಲ್ಲ, ದುಡಿಮಿ ಅದನ್ನ ಕೂಡಿಸ್ತು. ನಾ ಅದನ್ನ ಡೈರಿಯಾಗ ಬರ್ಕೊಂಡೀನಿ.

ಆ ಊರಿಗಿ ಪೋಪ್ ಬರೋಕ್ಕೆ ಎರಡು ಸಾವಿರ ವರ್ಷ ಹಿಂದಿನಿಂದನೂ ಜನ ಬಂಡಿ ಕೊರೀತಾನೇ ಬಂದಾರ. ರೋಮನ್ನರಿಗಿಂತ ಮೊದ್ಲು ಅಲ್ಲಿದ್ದ ಎಟ್ರುಸ್ಕನ್ನರು ತೋಡಿಟ್ಟ ಸಣ್ಣ ಸಣ್ಣ ಚೌಕ ಬಾವಿಗಳು ಇನ್ನೂ ಅವ, ಒಬ್ಬ ಮನಷ್ಯಾ ಎರಡೂ ಕಡಿ ಗ್ವಾಡಿಗಿ ಕಾಲು ಕೊಟ್ಟು ಇಳೀಬೇಕು, ಕಾಲಿಡಲಿಕ್ಕೆ ತೋಡಿದ ಗುಳಿ ಕಾಣಸ್ತಾವ. ಊರ ಕೆಳಗ ಸಾವಿರಕ್ಕೂ ಮಿಕ್ಕಿ ಗುಹಾ ಅವ. ಗೈಡ್ ಜೊತಿಗಿ ಒಂದು ತಾಸು ತೋರಸ್ತಾರ, ಟಿಕೆಟ್ ದೊಡ್ಡ ಚರ್ಚಿನ ಚೌಕದಾಗೇ ಸಿಗ್ತದ. ಎಣ್ಣಿ ಗಾಣ, ಪಾರಿವಾಳ ಸಾಕ್ಲಿಕ್ಕೆ ಗ್ವಾಡಿ ತುಂಬ ಕೊರದ ಗೂಡು.

ಇನ್ನೊಂದು ಮಾತು ಹೇಳ್ದೆ ಇರ್ಲಿಕ್ಕೆ ಆಗಂಗಿಲ್ಲ, ನಿಮ್ಮ ಕೊಪ್ಪದ ಕಡಿಯವ್ರಿಗಿ ತಿಳೀಬೇಕಾದ್ದು. ಇಷ್ಟು ಕೊರದ ಬಂಡಿ, ಮ್ಯಾಲ ಊರಿನ ಗಟಾರ, ಪೈಪು ಸೋರಿ, ಮಳಿ ಸೇರಿ, 1970ರ ದಶಕದಾಗ ಅಂಚು ಕುಸೀಲಿಕ್ಕೆ ಹತ್ತಿತು. 1978ರಾಗ ಇಟಲಿ ಸರ್ಕಾರ ಒರ್ವಿಯೇತೊ ಮತ್ತ ತೋದಿ ಎರಡು ಊರಿಗಂತನೇ ಕಾಯ್ದಾ ಮಾಡಿ ರೊಕ್ಕ ಕೊಡ್ತು. ಬಂಡಿಗಿ ಉಕ್ಕಿನ ಸರಳು ಹೊಡದ್ರು, ಗಟಾರ ಪೈಪು ಎಲ್ಲಾ ಹೊಸದಾಗಿ ಹಾಕಿದ್ರು. ಬಂದವ್ರ ಗಾಡಿ ಊರಾಗ ತುಂಬಬಾರದಂತ ಬಂಡಿ ಕೆಳಗ ಪಾರ್ಕಿಂಗ್ ಮಾಡಿ, ಅಲ್ಲಿಂದ ಮ್ಯಾಲಕ್ಕ ಬಂಡಿ ಒಳಗೇ ಎಸ್ಕಲೇಟರ್ ಕೂಡ್ಸಿದ್ರು. ಗುಡ್ಡದ ಊರು ಉಳೀಬೇಕಂದ್ರ ಗುಡ್ಡದ ಹೊಟ್ಟಿ ನೋಡ್ಕೋಬೇಕು. ನಮ್ಮ ಕೊಡಗಿನಾಗ 2018ರಾಗ ಆದದ್ದು ನೋಡಿದ ಮ್ಯಾಲ ನನಗ ಈ ಊರು ಮತ್ತ ಮತ್ತ ನೆನಪಾಗ್ತದ.

ಚೀವಿತಾ ಬ್ಯಾಡ. ಅಲ್ಲಿಗಿ ಬ್ಯಾರೆ ಬಸ್, ಬಸ್ಸು ಕಮ್ಮಿ, ಆಮ್ಯಾಲ ಉದ್ದನ ಸೇತುವಿ, ಕಡೀಗಿ ಕಡಿದಾದ ಏರು, ಬರೋವಾಗ ಅದೇ ಇಳುವು. ಎರಡೂ ಊರು ಮುಗಿಸಬೇಕಂತ ಹೋದ್ರ ಇಡೀ ದಿನ ಗಡಿಯಾರ ನೋಡೋದಾಗ್ತದ.

ಕೊಪ್ಪದ ಹುಡುಗಿ

ಸರ್, ಇಷ್ಟು ಬರೆದಿದ್ದಕ್ಕೆ ಹೇಗೆ ಧನ್ಯವಾದ ಹೇಳಬೇಕೋ ತಿಳಿಯುತ್ತಿಲ್ಲ. ಅಮ್ಮನಿಗೆ ಓದಿ ಹೇಳಿದೆ, ಕತ್ತೆಗಳು ಎದುರಾಗದ ಮೆಟ್ಟಿಲಿನ ಜಾಗ ಎರಡು ಸಲ ಓದಿಸಿದರು. ಆದರೆ 248 ಮೆಟ್ಟಿಲು ಇಳಿಯುವುದು ಅವರಿಂದ ಆಗುವುದಿಲ್ಲ. ನಾನು ಇಳಿದಾಗ ಅವರು ಎಲ್ಲಿ ಕೂರಬಹುದು?

ಬೀದರ ಬಾವಿ

ಇಳಿಸಲೇಬ್ಯಾಡ್ರಿ. ಇಳೀಲಿಕ್ಕೆ 248, ಏರ್ಲಿಕ್ಕೆ 248. ನಮ್ಮನಿಯವ್ರೂ ಇಳೀಲಿಲ್ಲ. ಬಾವಿ ಮಗ್ಗಲಕ್ಕೇ ಹಳೇ ಕೋಟಿ ಅದ, ಅಲ್ಬೊರ್ನೋಜ್ ಕೋಟಿ. ಈಗದು ಸಾರ್ವಜನಿಕರ ತ್ವಾಟ, ದುಡ್ಡು ಕೇಳಂಗಿಲ್ಲ. ಹಗ್ಗದ ರೈಲು ಇಳಿದಲ್ಲಿಂದ ನಾಕು ಹೆಜ್ಜಿ. ಕಲ್ಲಿನ ಅಂಚಿಗಿ ನಿಂತ್ರ ಕೆಳಗ ಪಾಲ್ಯಾ ನದಿ ಕಣಿವಿ, ಆಚಿಗಿ ಒಂದರ ಹಿಂದೊಂದು ಗುಡ್ಡ. ಅವ್ವಾರಿಗಿ ಬೇಕಾದ್ದು ಅದೇ ಅಲ್ಲೇನು?

ಬಾವಿ ಮೊದ್ಲು ನೋಡಿಬಿಡ್ರಿ, ಬೆಳಿಗ್ಗೆ ಮಂದಿ ಕಮ್ಮಿ. ಚರ್ಚ್ ಮಧ್ಯಾಹ್ನದ ಮ್ಯಾಲಕ್ಕ ಇಟ್ಕೋರಿ. ಅದರ ಮುಖ ಪಶ್ಚಿಮಕ್ಕದ, ಬಿಸಿಲು ಇಳಿಯೋವಾಗ ಬಂಗಾರದ ಬಣ್ಣದ ಮೊಸಾಯಿಕ್ ಎಲ್ಲಾ ಹೊಳೀತದ.

ಪುತ್ತೂರು ಗುಡ್ಡೆ

ಊಟದ ವಿಷಯ ಯಾರೂ ಹೇಳಲಿಲ್ಲ, ನಾನು ಹೇಳ್ತೇನೆ. ನಾವು ಐದು ಜನ ಹೋದದ್ದು, ಎಲ್ಲರೂ ಸಸ್ಯಾಹಾರಿಗಳೇ.

ಆ ಊರಿನದ್ದು ಉಂಬ್ರಿಕೆಲ್ಲಿ ಅಂತ ಪಾಸ್ತಾ, ನಮ್ಮ ಒತ್ತು ಶ್ಯಾವಿಗೆಯನ್ನು ನಾಲ್ಕೈದು ಪಟ್ಟು ದಪ್ಪ ಮಾಡಿದ ಹಾಗೆ, ಕೈಯಲ್ಲಿ ಹೊಸೆದು ಮಾಡುವುದು. ಅದನ್ನು ಅರ್ರಾಬ್ಯಾತಾ ಸಾಸಿನಲ್ಲಿ ಕೇಳಿ. ಟೊಮೆಟೊ, ಬೆಳ್ಳುಳ್ಳಿ, ಒಣಮೆಣಸು, ಅಷ್ಟೇ. ನಮ್ಮ ಬಾಯಿಗೆ ಸರಿ ಆಗ್ತದೆ. ಬೇರೆ ಕೆಂಪು ಸಾಸಿನಲ್ಲಿ ಹಂದಿ ಕೊಬ್ಬಿನ ಚೂರು ಇರುವುದುಂಟು. "ಸೆನ್ಸಾ ಕಾರ್ನೆ" ಅಂದರೆ ಮಾಂಸ ಬೇಡ ಅಂತ, ಆದರೆ ಅಷ್ಟೇ ಹೇಳಿದರೆ ಸಾಲುವುದಿಲ್ಲ. ಉಪ್ಪು ಹಾಕಿ ಒಣಗಿಸಿದ ಹಂದಿಯನ್ನು ಕೆಲವರು ಆ ಲೆಕ್ಕಕ್ಕೆ ಹಿಡಿಯುವುದಿಲ್ಲ. "ಸೆನ್ಸಾ ಪ್ರೊಶುತ್ತೊ, ಸೆನ್ಸಾ ಗ್ವಾಂಚಾಲೆ" ಅಂತ ಹೆಸರು ಹೇಳಿಯೇ ಕೇಳಿ. ಕಡಲೆ, ಅಲಸಂದೆ ಹಾಕಿದ ಸಾರು ಒಳ್ಳೆದಿರ್ತದೆ, ಅದರ ಬುಡದಲ್ಲಿ ಮಾಂಸದ ರಸ ಇದೆಯಾ ಕೇಳಿಕೊಳ್ಳಿ.

ಆ ಕಡೆಯ ಬ್ರೆಡ್ಡಿಗೆ ಉಪ್ಪು ಹಾಕುವ ಕ್ರಮವೇ ಇಲ್ಲ. ಚಟ್ನಿಪುಡಿ ಇದ್ದರೆ ತೆಕ್ಕೊಂಡು ಹೋಗಿ. ಮಧ್ಯಾಹ್ನ ಎರಡರ ಒಳಗೆ ಕೂತುಬಿಡಿ, ಎರಡೂವರೆ ಮೇಲೆ ಅಡುಗೆಮನೆ ಮುಚ್ಚಿ ರಾತ್ರಿಯೇ ತೆರೆಯುವುದು. ಅಂಗಡಿಗಳೂ ಒಂದರಿಂದ ನಾಲ್ಕರವರೆಗೆ ಹೆಚ್ಚಿನವು ಬಂದ್.

ಬೀದರಿನ ಅಣ್ಣನಿಗೆ ಒಂದು ಮಾತು: ನಮ್ಮ ಕಡೆ, ಕಾಸರಗೋಡು ಪುತ್ತೂರು ಗುಡ್ಡಗಳಲ್ಲಿ, ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತರುವ ಸುರಂಗ ಮನೆಮನೆಗೆ ಉಂಟು. ನನ್ನ ಅಜ್ಜ ಕೊರೆಸಿದ ಸುರಂಗದಲ್ಲಿ ಈಗಲೂ ಮಾರ್ಚಿಯವರೆಗೆ ನೀರು ಬರ್ತದೆ. ನಿಮ್ಮ ಬರಹ ಓದಿ ಅದರ ಬಾಯಿಗೆ ಬಿದ್ದ ಮಣ್ಣು ತೆಗೆಸಲು ಜನ ಹೇಳಿದ್ದೇನೆ.

ಕೊಪ್ಪದ ಹುಡುಗಿ

ಹೋಗಿ ಬಂದೆವು! ನಿನ್ನೆ ರಾತ್ರಿ ಬೆಂಗಳೂರು ತಲುಪಿದ್ದು. ಮರೆಯುವ ಮೊದಲು ಬರೆಯುತ್ತೇನೆ.

ನಮ್ಮ ರೈಲೂ 'ಎಸ್ಟ್'ನಿಂದಲೇ. ಅರ್ಧ ಗಂಟೆ ಮೊದಲೇ ಹೋಗಿದ್ದರಿಂದ ಅಮ್ಮ ನಿಧಾನ ನಡೆದರು. ಒಂಬತ್ತೂವರೆಗೆ ಬಂಡೆಯ ಮೇಲಿದ್ದೆವು. ಕೆಳಗೆ ಕಣಿವೆ ಕಾಣಲೇ ಇಲ್ಲ. ಪೂರ್ತಿ ಮಂಜು, ಅದರ ಮೇಲೆ ದೂರದ ಗುಡ್ಡಗಳ ನೆತ್ತಿ ಮಾತ್ರ. ನನಗೆ ಹೊಟ್ಟೆ ಉರಿಯಿತು, ಇಷ್ಟು ದೂರ ಕರೆದುಕೊಂಡು ಬಂದು ಏನೂ ತೋರಿಸಲಾಗಲಿಲ್ಲವಲ್ಲ ಅಂತ. ಅಮ್ಮ ಕಲ್ಲುಗೋಡೆಗೆ ಕೈ ಊರಿ ನಿಂತಿದ್ದವರು, "ನಮ್ಮನೆ ಅಂಗಳದ ಹಾಗೇ ಇದೆ ನೋಡು, ಹತ್ತು ಗಂಟೆವರೆಗೆ ತೋಟ ಕಾಣ್ತಿರ್ಲಿಲ್ಲ" ಅಂದರು. ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ನಾನು ಬಾವಿಗೆ ಇಳಿದು ಬಂದೆ.

ಬಾವಿಯ ಬಗ್ಗೆ ಒಂದೇ ಸಂಗತಿ ಸೇರಿಸುತ್ತೇನೆ. ಗೋಡೆಯ ತುಂಬ ಬಾವಿಯೊಳಕ್ಕೆ ತೆರೆದ ಕಿಟಕಿಗಳಿವೆ, ಮೇಲಿನ ಬೆಳಕು ಅವುಗಳಿಂದಲೇ ಮೆಟ್ಟಿಲಿಗೆ ಬೀಳುವುದು. ಇಳಿಯುತ್ತ ಒಂದು ಕಿಟಕಿಯಲ್ಲಿ ನೋಡಿದರೆ ಎದುರು ಕಿಟಕಿಯಲ್ಲಿ ಒಬ್ಬ ಅಜ್ಜ ಹತ್ತುತ್ತಿದ್ದರು. ಕೈ ಬೀಸಿದರು. ಎರಡು ಮೂರು ಮಾರು ದೂರದಲ್ಲೇ ಇದ್ದರೂ ನಮ್ಮ ದಾರಿಗಳು ಸೇರುವ ಹಾಗಿಲ್ಲ ಅನ್ನುವುದು ಆಗ ಸರಿಯಾಗಿ ತಲೆಗೆ ಹೋಯಿತು. ತಳದಲ್ಲಿ ತಣ್ಣಗಿತ್ತು, ನೀರಿನಲ್ಲಿ ಜನ ಹಾಕಿದ ನಾಣ್ಯಗಳು. ಮೇಲೆ ಬಂದು ಅಮ್ಮನಿಗೆ ಮೊಬೈಲಿನಲ್ಲಿ ತೆಗೆದ ವಿಡಿಯೊ ತೋರಿಸಿದೆ. ಅಷ್ಟರಲ್ಲಿ ಮಂಜು ಹರಿದು ದ್ರಾಕ್ಷಿ ತೋಟಗಳೆಲ್ಲ ಕಾಣುತ್ತಿದ್ದವು.

ಗುಹೆಗಳಿಗೆ ಅಮ್ಮ ಬಂದರು. ಒಂದು ಕಡೆ ಇಕ್ಕಟ್ಟಾದ ಮೆಟ್ಟಿಲಿದೆ, ಗೈಡ್ ಹುಡುಗಿಗೆ ಮೊದಲೇ ಹೇಳಿಟ್ಟಿದ್ದರಿಂದ ಎಲ್ಲರೂ ಮುಂದೆ ಹೋಗಿ ನಾವು ಕೊನೆಗೆ ನಿಧಾನವಾಗಿ ಬಂದೆವು. ಮಂಡಿ ನೋವಿರುವವರಿಗೆ ಇದು ಸುಲಭ ಅಂತ ನಾನು ಹೇಳಲಾರೆ. ಅಮ್ಮ ಗೋಡೆ ಸವರಿ ಕೈ ನೋಡಿಕೊಂಡರು, ಬೂದಿಯಂಥ ಪುಡಿ ಅಂಟಿತ್ತು. ಪಾರಿವಾಳದ ಗೂಡುಗಳು ಸಾಲುಸಾಲಾಗಿ, ನಮ್ಮ ದೇವರ ಗೂಡಿನ ಅಳತೆಯವು. ಅವುಗಳ ಎದುರು ಕಣಿವೆಗೆ ತೆರೆದ ಕಿಂಡಿ. ಹಕ್ಕಿ ಹೊರಗೆ ಹೋಗಿ ತಾನೇ ಮೇವು ತಿಂದು ಬರುತ್ತಿತ್ತು, ಸಾಕುವವರಿಗೆ ಖರ್ಚಿಲ್ಲ. ಯಾಕೆ ಸಾಕುತ್ತಿದ್ದರು ಅಂತ ಅಮ್ಮ ಕೇಳಿದರು, ಊಟಕ್ಕೆ ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಊಟಕ್ಕೆ ಅರ್ರಾಬ್ಯಾತಾ, ಉಪ್ಪಿಲ್ಲದ ಬ್ರೆಡ್ಡಿಗೆ ಎಣ್ಣೆ ಮತ್ತು ಮನೆಯ ಚಟ್ನಿಪುಡಿ. ಪುತ್ತೂರಿನವರಿಗೆ ವಿಶೇಷ ಥ್ಯಾಂಕ್ಸ್.

ಚರ್ಚಿಗೆ ಮೂರೂವರೆಗೆ ಹೋದೆವು. 1290ರಲ್ಲಿ ಕಟ್ಟಲು ಶುರು ಮಾಡಿದ್ದಂತೆ. ಪಕ್ಕದ ಗೋಡೆಗಳು ಕಪ್ಪು ಬಿಳಿ ಕಲ್ಲಿನ ಪಟ್ಟೆ ಪಟ್ಟೆ, ಮುಂಭಾಗ ಮಾತ್ರ ಬಂಗಾರ. ಎಲ್ಲರೂ ತಲೆ ಎತ್ತಿ ಮೊಸಾಯಿಕ್ ನೋಡುತ್ತಿದ್ದರು, ಅಮ್ಮ ಬಾಗಿಲುಗಳ ಅಕ್ಕಪಕ್ಕದ ಉಬ್ಬುಶಿಲ್ಪಗಳ ಮುಂದೆ ನಿಂತರು. ಬಳ್ಳಿಗಳ ನಡುವೆ ಸೃಷ್ಟಿಯ ಕಥೆ, ಆದಮನ ಪಕ್ಕೆಯಿಂದ ಈವ್ ಬರುವುದು, ಕೊನೆಯ ಕಂಬದಲ್ಲಿ ನರಕ. ಬೇಲೂರಿನಲ್ಲಿ ಮಾಡುವ ಹಾಗೆ ಒಂದೊಂದಾಗಿ ಬೆರಳು ತೋರಿಸಿ ಇದೇನು, ಇದ್ಯಾರು ಅಂತ ಕೇಳಿದರು. ಒಳಗೆ ಸಿನ್ಯೋರೆಲ್ಲಿ ಅನ್ನುವ ಚಿತ್ರಕಾರ 1499ರಿಂದ 1504ರವರೆಗೆ ಬರೆದ ಚಿತ್ರಗಳಿರುವ ಕೋಣೆ. ಸತ್ತವರು ನೆಲದಿಂದ ಎದ್ದು ಬರುವ ಚಿತ್ರದಲ್ಲಿ ಒಬ್ಬ ನೆಲಕ್ಕೆ ಎರಡೂ ಕೈ ಊರಿ ಮೇಲೇಳಲು ಒದ್ದಾಡುತ್ತಾನೆ. "ಇವನಿಗೂ ಮಂಡಿ" ಅಂದರು ಅಮ್ಮ. ಅವನ ಮುಖದಲ್ಲಿನ ಕಷ್ಟ ಅವರಿಗೆ ನನಗಿಂತ ಚೆನ್ನಾಗಿ ಅರ್ಥವಾಗಿತ್ತು.

ಐದು ಚಿಲ್ಲರೆಯ ರೈಲಿಗೆ ವಾಪಸ್. ಗಾಡಿ ಹೊರಟ ಮೇಲೆ ಕಿಟಕಿಯಿಂದ ಆ ಬಂಡೆ ಕಾಣಿಸುವವರೆಗೂ ಅಮ್ಮ ಕುತ್ತಿಗೆ ತಿರುಗಿಸಿಕೊಂಡೇ ಇದ್ದರು.

ಬೀದರ್ ಸರ್, ಇವತ್ತು ಬೆಳಿಗ್ಗೆ ಕಾಫಿ ಕುಡಿಯುತ್ತ ಅಮ್ಮ ಕೇಳಿದ್ದು: "ಆ ಬೀದರಿನವರು ಸುರಂಗ ಬಾವಿ ಅಂದಿದ್ರಲ್ಲ, ಅದು ನಾವ್ಯಾಕೆ ನೋಡಿಲ್ಲ?" ಡಿಸೆಂಬರ್ ಕೊನೆಯ ವಾರ ರಜೆ ಇದೆ. ಬಂದರೆ ತೋರಿಸುತ್ತೀರಾ?

ಬೀದರ ಬಾವಿ

ಬರ್ರಿ ತಂಗಿ. ಇಳಿಯೋದು ಬ್ಯಾಡ, ಹೊಲದಾಗ ಸಾಲಾಗಿ ಗಾಳಿಕಿಂಡಿ ಅವ, ಮ್ಯಾಲಿಂದಲೇ ತೋರಸ್ತೀನಿ. ನಮ್ಮನಿಯವ್ರೂ ಬರ್ತಾರ, ಇಬ್ರೂ ಕೂತು ಮಾತಾಡ್ಲಿ. ಡಿಸೆಂಬರ್‌ದಾಗ ಇಲ್ಲಿ ಬೆಳಿಗ್ಗೆ ಚಳಿ ಭಾಳ, ಅವ್ವಾರಿಗಿ ಶಾಲು ತರ್ರಿ.